ಮಾಟುಂಗಾದಲ್ಲಿ ಧಾರವಾಡ ಕೇಳಬೇಕಾದರೆ: ಆಕಾಶವಾಣಿಯ ಆನ್‌ಲೈನ್ ಪ್ರಸಾರದ ವಿಮರ್ಶೆ

ಧಾರವಾಡ ಆಕಾಶವಾಣಿ ಎಂದರೆ 765 ಕಿಲೋಹರ್ಟ್ಸ್, ಬೆಂಗಳೂರು ಎಂದರೆ 612. ಒಂದು ಕಾಲಕ್ಕೆ ಈ ಎರಡು ಅಂಕಿ ಗೊತ್ತಿದ್ದರೆ ಸಾಕಿತ್ತು. ಪೆಟ್ಟಿಗೆ ಯಾವ ಕಂಪನಿಯದಾದರೂ ಸರಿ, ಮುಳ್ಳನ್ನು ಅಲ್ಲಿಗೆ ತಂದು ನಿಲ್ಲಿಸಿದರೆ ಕನ್ನಡ ಕೇಳುತ್ತಿತ್ತು. ರೇಡಿಯೋ ಮಾಡುವವರು ಆಕಾಶವಾಣಿಯ ಅಪ್ಪಣೆ ಪಡೆಯಬೇಕಿರಲಿಲ್ಲ. ಇಂಥದೇ ರೇಡಿಯೋ ಕೊಳ್ಳಿ ಎಂದು ಆಕಾಶವಾಣಿಯೂ ಹೇಳುತ್ತಿರಲಿಲ್ಲ. ಆನ್‌ಲೈನ್ ಪ್ರಸಾರವನ್ನೂ ಇದೇ ಅಳತೆಗೋಲಿನಿಂದ ಅಳೆಯಬೇಕು ಎಂಬುದು ನಮ್ಮ ನಿಲುವು. ಮಾಟುಂಗಾದ ಫ್ಲ್ಯಾಟಿನಲ್ಲಿ, ಪುಣೆಯ ಎರಂಡವಣೆಯಲ್ಲಿ, ವಾಸ್ಕೋ ಪಕ್ಕದ ಝುವಾರಿನಗರದ ಖೋಲಿಯಲ್ಲಿ ಇರುವ ಕನ್ನಡಿಗರು ತಮ್ಮ ಕೈಲಿರುವ ಸಾಧನದಲ್ಲೇ ಧಾರವಾಡ ಕೇಳಲು ಆಗುತ್ತದೆಯೆ? ಆಗದಿದ್ದರೆ ಅಡ್ಡಿ ಎಲ್ಲಿದೆ, ಅದನ್ನು ದಾಟುವುದು ಹೇಗೆ?

ಅಂಕ ಮೊದಲೇ ಕೊಟ್ಟುಬಿಡುತ್ತೇವೆ. ಕೇಳಲು ಸಿಗುವ ಸರಕಿಗೆ ಐದಕ್ಕೆ ಐದು. ಮಾತಿನ ಕಾರ್ಯಕ್ರಮಗಳ ದನಿಗೆ ನಾಲ್ಕು, ಸಂಗೀತಕ್ಕೆ ಮೂರು. ಬೇರೆ ಬೇರೆ ಸಾಧನಗಳಲ್ಲಿ ಕೇಳುವ ಸೌಕರ್ಯಕ್ಕೆ ಎರಡು.

ಸರಕಿನ ವಿಷಯದಲ್ಲಿ ಎರಡು ಮಾತಿಲ್ಲ. ಪ್ರಸಾರ ಭಾರತಿಯ ನ್ಯೂಸ್ ಆನ್ ಏರ್ ಆ್ಯಪ್‌ನಲ್ಲಿ ದೇಶದ 240ಕ್ಕೂ ಹೆಚ್ಚು ಆಕಾಶವಾಣಿ ವಾಹಿನಿಗಳು ನೇರವಾಗಿ ಸಿಗುತ್ತವೆ, ಹಣ ಕೊಡಬೇಕಿಲ್ಲ. ಬೆಂಗಳೂರು, ಧಾರವಾಡ, ಮೈಸೂರು, ಮಂಗಳೂರು, ಕಲಬುರಗಿಯಂಥ ಕೇಂದ್ರಗಳೆಲ್ಲ ಒಂದೇ ಪಟ್ಟಿಯಲ್ಲಿ. 1950ರ ಜನವರಿಯಲ್ಲಿ ಶುರುವಾದ ಧಾರವಾಡ ಕೇಂದ್ರದ ದನಿ ಘಾಟ್‌ಕೋಪರ್‌ನಲ್ಲಿ ಹಗಲಲ್ಲೂ ಕರಕರ ಇಲ್ಲದೆ ಕೇಳುವುದು ಮೀಡಿಯಂ ವೇವ್‌ನಲ್ಲಿ ಕನಸಿನ ಮಾತು. ಅಲ್ಲಿ ದೂರದ ಕೇಂದ್ರಗಳು ಹಿಡಿಯುತ್ತಿದ್ದುದೇ ಕತ್ತಲಾದ ಮೇಲೆ. ಈಗಂತೂ ಎಲ್‌ಇಡಿ ಬಲ್ಬು, ಚಾರ್ಜರುಗಳ ಗದ್ದಲದಲ್ಲಿ ಎತ್ತರದ ಕಟ್ಟಡಗಳೊಳಗೆ ಅದೂ ಕಷ್ಟ. ‘ಆಕಾಶವಾಣಿ’ ಎಂಬ ಹೆಸರು ಬಾನುಲಿಗೆ ಅಂಟಿದ್ದೇ 1935ರಲ್ಲಿ ಮೈಸೂರಿನಲ್ಲಿ ಎಂ.ವಿ. ಗೋಪಾಲಸ್ವಾಮಿಯವರು ನಡೆಸಿದ ಕೇಂದ್ರದಿಂದ. ಆ ಹೆಸರಿನ ಸಂಸ್ಥೆ ಗಡಿಯಾಚೆಯ ಕನ್ನಡಿಗರಿಗೆ ಊರನ್ನು ಕಿವಿಗೆ ತಂದುಕೊಡುತ್ತಿದೆ. ಇದಕ್ಕೆ ಕೃತಜ್ಞತೆ ಇಟ್ಟುಕೊಂಡೇ ಮುಂದಿನ ತಕರಾರು.

ಆಕಾಶವಾಣಿಯ ನೇರ ಪ್ರಸಾರ ಬರುವುದು ಎಚ್‌ಎಲ್‌ಎಸ್ ಎಂಬ ಕ್ರಮದಲ್ಲಿ. ಇದರಲ್ಲಿ ದನಿಯನ್ನು ಕೆಲವೇ ಸೆಕೆಂಡುಗಳ ತುಂಡುಗಳಾಗಿ ಕತ್ತರಿಸಿ ಸರ್ವರ್‌ನಲ್ಲಿ ಇಡುತ್ತಾರೆ. ಎಂ3ಯು8 (m3u8) ಎಂಬ ಪುಟ್ಟ ಪಟ್ಟಿ ಯಾವ ತುಂಡು ಮೊದಲು, ಯಾವುದು ಆಮೇಲೆ ಎಂದು ಹೇಳುತ್ತದೆ. ನಿಮ್ಮ ಫೋನು ಪಟ್ಟಿಯನ್ನು ಮತ್ತೆ ಮತ್ತೆ ಓದುತ್ತ, ತುಂಡುಗಳನ್ನು ಒಂದೊಂದಾಗಿ ತರಿಸಿಕೊಂಡು ಪೋಣಿಸಿ ನುಡಿಸುತ್ತದೆ. ಆ್ಯಪಲ್ ಕಂಪನಿ ರೂಪಿಸಿದ ಕ್ರಮ ಇದು. 2017ರಲ್ಲಿ ಇಂಟರ್ನೆಟ್ ತಂತ್ರಗಳ ದಾಖಲೆಸರಣಿಯಾದ ಆರ್‌ಎಫ್‌ಸಿಯಲ್ಲಿ 8216 ಎಂಬ ಸಂಖ್ಯೆಯೊಂದಿಗೆ ಅದರ ವಿವರ ಬಹಿರಂಗವಾಗಿ ಪ್ರಕಟವಾಗಿದೆ. ಆದ್ದರಿಂದ ಇದನ್ನು ಮುಚ್ಚಿದ ಪೆಟ್ಟಿಗೆ ಎನ್ನಲಾಗದು. ವಿಎಲ್‌ಸಿ, ಎಂಪಿವಿಯಂಥ ಮುಕ್ತ ತಂತ್ರಾಂಶಗಳು ಇದನ್ನು ಸಲೀಸಾಗಿ ನುಡಿಸುತ್ತವೆ.

ಅಂದರೆ ಆ್ಯಪ್ ಇಲ್ಲದೆಯೂ ಕೇಳಬಹುದು. ಕಂಪ್ಯೂಟರಿನ ಬ್ರೌಸರ್‌ನಲ್ಲಿ ಆಕಾಶವಾಣಿಯ ಜಾಲತಾಣ ತೆರೆದು, ಎಫ್12 ಒತ್ತಿ, ನೆಟ್‌ವರ್ಕ್ ಎಂಬ ಪಟ್ಟಿಗೆ ಹೋಗಿ, ಶೋಧಕ್ಕೆ ಎಂ3ಯು8 ಎಂದು ಕೊಟ್ಟು, ಬೇಕಾದ ಕೇಂದ್ರವನ್ನು ನುಡಿಸಿ. ಕಾಣಿಸಿಕೊಳ್ಳುವ ವಿಳಾಸವನ್ನು ನಕಲು ಮಾಡಿಕೊಳ್ಳಿ. ಕಂಪ್ಯೂಟರಿನ ವಿಎಲ್‌ಸಿಯಲ್ಲಿ ಕಂಟ್ರೋಲ್ ಮತ್ತು ಎನ್ ಒಟ್ಟಿಗೆ ಒತ್ತಿ ಅದನ್ನು ಅಂಟಿಸಿದರೆ ಮುಗಿಯಿತು. ಫೋನಿನ ವಿಎಲ್‌ಸಿಯಲ್ಲಿ ‘ಮೋರ್’ ಒಳಗಿನ ‘ನ್ಯೂ ಸ್ಟ್ರೀಮ್’ ಆ ಕೆಲಸ ಮಾಡುತ್ತದೆ. ನುಡಿಯುತ್ತಿರುವಾಗ ಕಂಪ್ಯೂಟರಿನಲ್ಲಿ ಕಂಟ್ರೋಲ್ ಮತ್ತು ಜೆ ಒತ್ತಿ ನೋಡಿ. ಕೋಡೆಕ್ (ದನಿಯನ್ನು ಹಿಂಡಿ ಚಿಕ್ಕದಾಗಿಸುವ ಕ್ರಮ) ಯಾವುದು, ಸ್ಯಾಂಪಲ್ ರೇಟ್ (ಸೆಕೆಂಡಿಗೆ ಎಷ್ಟು ಬಾರಿ ದನಿಯನ್ನು ಅಳೆದಿದೆ ಎಂಬುದು) ಎಷ್ಟು, ಮೋನೋ ಇದೆಯೋ ಸ್ಟೀರಿಯೋ ಇದೆಯೋ ಎಲ್ಲ ಅಲ್ಲಿರುತ್ತದೆ.

ಇಲ್ಲೊಂದು ಎಡವಟ್ಟು. ಹಲವು ಕೇಂದ್ರಗಳ ವಿಳಾಸದಲ್ಲಿ ಊರಿನ ಹೆಸರು ಇರುವುದಿಲ್ಲ. ‘ಪಿಬಿಆಡಿಯೋ’ ಎಂದು ಬರೆದು ಮುಂದೊಂದು ಸಂಖ್ಯೆ ಇರುತ್ತದೆ ಅಷ್ಟೆ. 765 ಎಂದರೆ ಧಾರವಾಡ ಎಂದು ಬಾಯಿಪಾಠ ಇದ್ದಂತೆ ಈ ಸಂಖ್ಯೆ ಯಾರ ಬಾಯಲ್ಲೂ ನಿಲ್ಲುವುದಿಲ್ಲ. ಸರ್ವರ್ ಬದಲಾದ ದಿನ ಉಳಿಸಿಕೊಂಡ ವಿಳಾಸಗಳೆಲ್ಲ ಸತ್ತವು ಎಂದೇ ಲೆಕ್ಕ. ರೇಡಿಯೋಡ್ರಾಯ್ಡ್‌ನಂಥ ಆ್ಯಪ್‌ಗಳು ಬಳಸುವ ರೇಡಿಯೋ ಬ್ರೌಸರ್ ಪಟ್ಟಿಯನ್ನು ಉತ್ಸಾಹಿಗಳು ತುಂಬುತ್ತಾರೆ. ಅದರಲ್ಲಿ ಒಂದೇ ಕೇಂದ್ರಕ್ಕೆ ನಾಲ್ಕು ನಮೂದು ಕಂಡರೆ ಕೆಲವು ಹಳತಾಗಿರಬಹುದು. ಒಂದೊಂದನ್ನೂ ನುಡಿಸಿ ನೋಡಿಯೇ ಇಟ್ಟುಕೊಳ್ಳಬೇಕು. ವಿಳಾಸ ಭದ್ರ ಸಂಪರ್ಕದ್ದಲ್ಲದೆ ಬರಿಯ ಎಚ್‌ಟಿಟಿಪಿಯದಾಗಿದ್ದರೆ, ಭದ್ರ ಪುಟದೊಳಗೆ ಹುದುಗಿಸಿದಾಗ ಬ್ರೌಸರ್ ಅದನ್ನು ತಡೆಯುತ್ತದೆ. ಕನ್ನಡ ಸಂಘಗಳ ಜಾಲತಾಣದಲ್ಲಿ ರೇಡಿಯೋ ಗುಂಡಿ ಹಾಕಿಸಿಕೊಂಡವರು ‘ಒತ್ತಿದರೂ ಏನೂ ಆಗುತ್ತಿಲ್ಲ’ ಎನ್ನುವಾಗ ಮೊದಲು ನೋಡಬೇಕಾದದ್ದು ಇದನ್ನೇ.

ಇನ್ನು ದನಿಯ ವಿಷಯ. ಇದನ್ನು ಸ್ವಲ್ಪ ನಿಧಾನವಾಗಿ ನೋಡಬೇಕು.

ಪ್ರಸಾರ ಸಂಸ್ಥೆಗಳ ಸ್ಟ್ರೀಮಿಂಗ್‌ನಲ್ಲಿ ಮೂರು ಕೋಡೆಕ್‌ಗಳ ಮಾತು ಬರುತ್ತದೆ. ಮೊದಲನೆಯದು ಎಂಪಿ3. ಅದರ ಪೇಟೆಂಟ್ ಲೈಸೆನ್ಸಿಂಗ್ ಅನ್ನು ಫ್ರೌನ್‌ಹೋಫರ್ ಸಂಸ್ಥೆ 2017ರ ಏಪ್ರಿಲ್‌ನಲ್ಲಿ ಮುಗಿಸಿತು, ಈಗ ಯಾರಿಗೂ ಕಾಸು ಕೊಡದೆ ಬಳಸಬಹುದು. ಎರಡನೆಯದು ಎಎಸಿ. ಇದು ಪ್ರಕಟಿತ ಅಂತರರಾಷ್ಟ್ರೀಯ ಮಾನಕ. ಆದರೆ ಅದನ್ನು ಬಳಸುವ ಸಾಧನ ತಯಾರಕರಿಗೆ ಪೇಟೆಂಟ್ ಶುಲ್ಕದ ವ್ಯವಸ್ಥೆ ಇದೆ. ಮೂರನೆಯದು ಓಪಸ್. 2012ರ ಸೆಪ್ಟೆಂಬರ್‌ನಲ್ಲಿ ಆರ್‌ಎಫ್‌ಸಿ 6716 ಆಗಿ ಬಂದ ಇದು ಮೊದಲ ದಿನದಿಂದಲೂ ರಾಯಧನವಿಲ್ಲದ್ದು. ಸೆಕೆಂಡಿಗೆ 6 ಕಿಲೋಬಿಟ್‌ನಿಂದ 510 ಕಿಲೋಬಿಟ್‌ವರೆಗೆ ಎಲ್ಲೆಂದರಲ್ಲಿ ಕೆಲಸ ಮಾಡುತ್ತದೆ. ‘ಮುಕ್ತ’ ಎಂಬ ಮಾತಿಗೆ ಎರಡು ಅರ್ಥ ಎಂಬುದು ಇಲ್ಲಿ ಮುಖ್ಯ. ವಿವರ ಬಹಿರಂಗವಾಗಿರುವುದು ಒಂದು, ಶುಲ್ಕವಿಲ್ಲದೆ ಬಳಸುವ ಹಕ್ಕಿರುವುದು ಇನ್ನೊಂದು. ಭಾರತ ಸರ್ಕಾರ 2010ರ ನವೆಂಬರ್‌ನಲ್ಲಿ ಇ-ಆಡಳಿತಕ್ಕೆಂದು ತಂದ ಮುಕ್ತ ಮಾನಕಗಳ ನೀತಿ ಎರಡನ್ನೂ ಕೇಳುತ್ತದೆ. ಸಾರ್ವಜನಿಕ ಪ್ರಸಾರಕ್ಕೂ ಅದೇ ಮಟ್ಟ ಇರಬೇಕು ಎಂದು ಬಯಸುವುದು ಹೆಚ್ಚಿನ ಆಸೆಯೇನಲ್ಲ.

ಕಿವಿಯಿಂದಲೇ ಪರೀಕ್ಷೆ ಮಾಡಬೇಕೆಂದರೆ ಶಾಸ್ತ್ರೀಯ ಸಂಗೀತದ ರಾಗಂ ವಾಹಿನಿ ಹಾಕಿ. ಗಾಯನ ಶುರುವಾಗುವ ಮುನ್ನ ಬರಿಯ ತಂಬೂರಿ ಮೊಳಗುವ ಹದಿನೈದು ಇಪ್ಪತ್ತು ಸೆಕೆಂಡು ಇರುತ್ತದಲ್ಲ, ಅಷ್ಟು ಸಾಕು. ಒಳ್ಳೆಯ ಹೆಡ್‌ಫೋನ್ ಹಾಕಿಕೊಂಡು ಕೇಳಿ. ತಂಬೂರಿಯ ಜೀವ ಇರುವುದು ಜವಾರಿಯಲ್ಲಿ. ಸೇತುವೆಯ ಮೇಲಿನ ನೂಲಿನೆಳೆಯಿಂದ ಹುಟ್ಟುವ ಆ ಝೇಂಕಾರದಲ್ಲಿ ಮೇಲಿನ ಸ್ವರಾಂಶಗಳು ಒಂದರ ಹಿಂದೊಂದು ಅರಳುತ್ತ ಇಳಿಯುತ್ತವೆ. ಕಡಿಮೆ ಬಿಟ್‌ರೇಟಿಗೆ, ಅಂದರೆ ಸೆಕೆಂಡಿಗೆ ಕಡಿಮೆ ಕಿಲೋಬಿಟ್ ಕಳಿಸುವಾಗ, ಬಳಸುವ ಎಎಸಿಯ ಒಂದು ರೂಪವಾದ ಎಚ್‌ಇ-ಎಎಸಿಯಲ್ಲಿ ಆ ಮೇಲಿನ ಕಂಪನಗಳನ್ನು ಇದ್ದಂತೆ ಕಳಿಸುವುದೇ ಇಲ್ಲ. ಕೆಳಗಿನ ಭಾಗವನ್ನು ಮಾತ್ರ ಕಳಿಸಿ, ಮೇಲಿನದನ್ನು ಹೇಗೆ ಕಟ್ಟಿಕೊಳ್ಳಬೇಕೆಂಬ ಸುಳಿವನ್ನು ಜೊತೆಗಿಡುತ್ತಾರೆ. ಕೇಳುವ ಸಾಧನ ಕೆಳಗಿನದನ್ನೇ ನಕಲು ಮಾಡಿ ಮೇಲಕ್ಕೆ ಅಂಟಿಸುತ್ತದೆ. ಮಾತಿಗೆ ಇದು ಸಾಕಾಗುತ್ತದೆ. ವಾರ್ತೆ ಓದುವವರ ‘ಸ’ ‘ಶ’ಗಳು ಸ್ಪಷ್ಟವಾಗಿಯೇ ಕೇಳುತ್ತವೆ. ತಂಬೂರಿಗೆ ಸಾಲದು. ಝೇಂಕಾರ ಅರಳುವ ಬದಲು ತಗಡು ಕಂಪಿಸಿದಂತೆ, ನೀರಿನಡಿಯಿಂದ ಬಂದಂತೆ ಕೇಳುತ್ತದೆ. ಯಕ್ಷಗಾನದ ಚಕ್ರತಾಳಕ್ಕೂ ಇದೇ ಗತಿ. ‘ಚಂ’ ಎಂದು ಹರಿತವಾಗಿ ಬರಬೇಕಾದದ್ದು ‘ಷ್’ ಎಂದು ಚೆಲ್ಲುತ್ತದೆ.

ಇದು ಕೇಳುವ ಫೋನಿನ ತಪ್ಪಲ್ಲ, ನೆಟ್‌ವರ್ಕಿನದೂ ಅಲ್ಲ. ನೆಟ್ ಸೋತರೆ ದನಿ ನಿಲ್ಲುತ್ತದೆ, ಕೆಡುವುದಿಲ್ಲ. ಕೆಟ್ಟು ಕೇಳಿದರೆ ಅದು ಹೊರಡುವಲ್ಲಿಯೇ ಹಿಂಡಿದ ದನಿ ಎಂದು ತಿಳಿಯಬೇಕು. ಒಂದೇ ಸ್ಟ್ರೀಮಿಗೆ ಹಲವು ಬಿಟ್‌ರೇಟುಗಳಿದ್ದಾಗ ಮಾತ್ರ ಇದಕ್ಕೆ ಹೊರತು. ಆಗ ನೆಟ್ ಸೊರಗಿದ ಕೂಡಲೇ ನುಡಿಸುವ ತಂತ್ರಾಂಶ ಕೆಳದರ್ಜೆಯದಕ್ಕೆ ಇಳಿಯುತ್ತದೆ. ಸವಾಯಿ ಗಂಧರ್ವ ಉತ್ಸವವನ್ನು 1953ರಿಂದ ಕಂಡ ಪುಣೆಯಲ್ಲಿ, ಭೀಮಸೇನ ಜೋಶಿಯವರ ಊರಾದ ಪುಣೆಯಲ್ಲಿ, ಧಾರವಾಡ ಪರಂಪರೆಯ ಗಾಯನವನ್ನು ಕೂದಲೆಳೆ ವ್ಯತ್ಯಾಸವನ್ನೂ ಬಿಡದೆ ಕೇಳುವ ಕಿವಿಗಳು ಬೇಕಾದಷ್ಟಿವೆ. ಅವರಿಗೆ ಸಂಗೀತಕ್ಕೆ ಮೂರಂಕ ಏಕೆ ಎಂದು ವಿವರಿಸಬೇಕಾಗಿಲ್ಲ. ಸ್ಟೀರಿಯೋ ಓಪಸ್‌ನಲ್ಲಿ ಸೆಕೆಂಡಿಗೆ 96 ಕಿಲೋಬಿಟ್ ಕೊಟ್ಟರೆ ಈ ತೊಂದರೆ ಬಹುಮಟ್ಟಿಗೆ ನೀಗುತ್ತದೆ. ಎಂಪಿ3ಯಲ್ಲಿ ಅದೇ ಮಟ್ಟಕ್ಕೆ 160 ಅಥವಾ 192 ಬೇಕಾದೀತು.

ಡೇಟಾ ಖರ್ಚಿನ ಲೆಕ್ಕ ಸುಲಭ. ಸೆಕೆಂಡಿಗೆ 64 ಕಿಲೋಬಿಟ್ ಎಂದರೆ ಗಂಟೆಗೆ 28.8 ಎಂಬಿ. ದಿನಕ್ಕೆ ಮೂರು ಗಂಟೆ ಕೇಳಿದರೂ ತಿಂಗಳಿಗೆ 2.6 ಜಿಬಿ. 128 ಆದರೆ ಇದರ ಎರಡರಷ್ಟು. ಹಾಡು ಕೇಳಲೆಂದು ಯೂಟ್ಯೂಬ್‌ನಲ್ಲಿ ವಿಡಿಯೋ ಹಾಕಿಕೊಳ್ಳುವ ಅಭ್ಯಾಸ ಹಲವರಿಗಿದೆ. ಅಲ್ಲಿ ಸೆಕೆಂಡಿಗೆ 1 ಮೆಗಾಬಿಟ್ ಹಿಡಿದರೂ ಗಂಟೆಗೆ 450 ಎಂಬಿ ಹೋಗುತ್ತದೆ. ದಿನಕ್ಕೆ 1.5 ಜಿಬಿ ಪ್ಯಾಕ್ ಹಾಕಿಸಿಕೊಂಡವರು ಈ ಅಂತರ ನೆನಪಿಡುವುದು ಒಳ್ಳೆಯದು.

ರೈಲಿನಲ್ಲಿ ಕೇಳುವವರಿಗೆ ಎಚ್‌ಎಲ್‌ಎಸ್ ನಿಜಕ್ಕೂ ಉಪಕಾರಿ. ಡೊಂಬಿವಲಿಯಿಂದ ಸಿಎಸ್‌ಎಂಟಿಗೆ ಬರುವ ಲೋಕಲ್‌ನಲ್ಲಿ ಫೋನು ಟವರ್‌ನಿಂದ ಟವರ್‌ಗೆ ಜಿಗಿಯುತ್ತಲೇ ಇರುತ್ತದೆ. ಹಳೆಯ ಐಸ್‌ಕಾಸ್ಟ್, ಶೌಟ್‌ಕಾಸ್ಟ್ ಮಾದರಿಯ ಸ್ಟ್ರೀಮ್ ಒಂದೇ ಉದ್ದನೆಯ ಸಂಪರ್ಕದ ಮೇಲೆ ನಿಂತಿರುತ್ತದೆ. ಅದು ಕಡಿದರೆ ಮತ್ತೆ ಮೊದಲಿನಿಂದ ಕೂಡಿಸಬೇಕು. ಎಚ್‌ಎಲ್‌ಎಸ್‌ನಲ್ಲಿ ಒಂದೊಂದು ತುಂಡೂ ಬೇರೆ ಬೇಡಿಕೆ. ಒಂದು ತಪ್ಪಿದರೆ ಮುಂದಿನದನ್ನು ಕೇಳಿಕೊಂಡು ನಡೆಯುತ್ತದೆ. ಆದರೆ ಇದಕ್ಕೂ ಮಿತಿಯಿದೆ. ನೇರ ಪ್ರಸಾರದ ಪಟ್ಟಿಯಲ್ಲಿ ಸಾಮಾನ್ಯವಾಗಿ ಕೆಲವೇ ತುಂಡುಗಳಿರುತ್ತವೆ. ಆರು ಸೆಕೆಂಡಿನ ಆರು ತುಂಡು ಎಂದುಕೊಂಡರೆ 36 ಸೆಕೆಂಡಿನ ಸರಕು. ಕರ್ಜತ್ ಮತ್ತು ಲೋಣಾವಳದ ನಡುವಿನ ಚಿಕ್ಕ ಸುರಂಗಗಳನ್ನು ಅದು ದಾಟಿಸೀತು. ಕೊಂಕಣ ರೈಲ್ವೆಯ ಕರ್ಬುಡೆ ಸುರಂಗ ಆರೂವರೆ ಕಿಲೋಮೀಟರ್ ಉದ್ದ. ಗಂಟೆಗೆ 80 ಕಿಲೋಮೀಟರ್ ವೇಗದಲ್ಲಿ ಹೋದರೂ ಐದು ನಿಮಿಷದ ಮೌನ. ವಿಎಲ್‌ಸಿಯಲ್ಲಿ ದನಿಯನ್ನು ಮುಂಗಡವಾಗಿ ತುಂಬಿಕೊಳ್ಳುವ ನೆಟ್‌ವರ್ಕ್ ಕ್ಯಾಶಿಂಗ್ ಅಂಕಿಯನ್ನು ಎಷ್ಟೇ ಏರಿಸಿದರೂ ಪಟ್ಟಿಯಲ್ಲಿ ಇಲ್ಲದ ಸರಕನ್ನು ಅದು ಎಲ್ಲಿಂದ ತಂದೀತು? ಗೋವಾ ಕಡೆ ಹೊರಡುವವರು ಬೇಕಾದ ಕಾರ್ಯಕ್ರಮವನ್ನು ಫೈಲಾಗಿ ಇಳಿಸಿಕೊಂಡು ಹತ್ತುವುದೇ ವಾಸಿ.

ಪರದೆ ಆರಿಸಿದ ಹತ್ತು ನಿಮಿಷಕ್ಕೆ ರೇಡಿಯೋ ನಿಂತುಬಿಡುತ್ತದೆ ಎಂಬುದು ಎಲ್ಲರೂ ಹೇಳುವ ದೂರು. ಇದರಲ್ಲಿ ಪ್ರಸಾರದ ತಪ್ಪು ವಿರಳ. ಬ್ಯಾಟರಿ ಉಳಿಸಲು ಫೋನೇ ಆ್ಯಪ್‌ನ ಕತ್ತು ಹಿಸುಕಿರುತ್ತದೆ. ಸೆಟ್ಟಿಂಗ್ಸ್‌ನಲ್ಲಿ ಆ ಆ್ಯಪ್‌ನ ಬ್ಯಾಟರಿ ವಿಭಾಗಕ್ಕೆ ಹೋಗಿ ‘ಅನ್‌ರಿಸ್ಟ್ರಿಕ್ಟೆಡ್’ ಮಾಡಿ, ಡೇಟಾ ಸೇವರ್‌ನಿಂದಲೂ ಹೊರಗಿಡಿ.

ಎಚ್‌ಎಲ್‌ಎಸ್ ಕೊಡುವ ಇನ್ನೊಂದು ಪೆಟ್ಟು ಹೊತ್ತಿನದು. ನುಡಿಸುವ ತಂತ್ರಾಂಶ ಪಟ್ಟಿಯ ಕೊನೆಯ ತುಂಡಿನಿಂದ ಶುರು ಮಾಡದೆ ಮೂರು ತುಂಡು ಹಿಂದಿನಿಂದ ಶುರು ಮಾಡುತ್ತದೆ. ಆರು ಸೆಕೆಂಡಿನ ತುಂಡಾದರೆ ಅಲ್ಲಿಗೇ 18 ಸೆಕೆಂಡು ತಡ. ತುಂಡು ತಯಾರಾಗುವ, ಸಾಗುವ ಹೊತ್ತು ಸೇರಿ ಅರ್ಧ ನಿಮಿಷ ದಾಟಿದರೂ ಅಚ್ಚರಿಯಿಲ್ಲ. ವಾರ್ತೆಗೆ ಮುಂಚಿನ ‘ಪಿಪ್ ಪಿಪ್’ ಕೇಳಿ ಗಡಿಯಾರ ತಿದ್ದಿಕೊಳ್ಳುವ ರೂಢಿ ಇರುವ ಮನೆಗಳಲ್ಲಿ ಇದನ್ನು ಹಿರಿಯರಿಗೆ ತಿಳಿಸಿ ಹೇಳಬೇಕು. ಫೋನಿನಲ್ಲಿ ಕೇಳುವ ಪಿಪ್ ಈಗಿನ ಹೊತ್ತಿನದಲ್ಲ.

ಸಾಧನದ ಅಂಕ ಎರಡಕ್ಕೆ ಇಳಿದದ್ದು ಹೀಗೆ. ವೈಫೈ ಇರುವ ಇಂಟರ್ನೆಟ್ ರೇಡಿಯೋಗಳು ಹಲವು ಮನೆಗಳಲ್ಲಿವೆ, ಮುಖ್ಯವಾಗಿ ಕಣ್ಣು ಮಂಜಾದ, ಫೋನಿನ ಗಾಜನ್ನು ಸವರಲು ಬಾರದ ಹಿರಿಯರಿರುವ ಮನೆಗಳಲ್ಲಿ. ಗುಂಡಿ ಒತ್ತಿದರೆ ರೇಡಿಯೋ ಮಾತಾಡಬೇಕು ಎಂಬ ಅವರ ಬಯಕೆ ನ್ಯಾಯವಾದದ್ದು. ಈ ಪೆಟ್ಟಿಗೆಗಳಲ್ಲಿ ಹಳೆಯವು ಬಹುಪಾಲು ಐಸ್‌ಕಾಸ್ಟ್ ಅಥವಾ ಶೌಟ್‌ಕಾಸ್ಟ್ ಮಾದರಿಯ ಎಂಪಿ3 ಮಾತ್ರ ಬಲ್ಲವು. ತುಂಡುಗಳ ಪಟ್ಟಿ ಕೊಟ್ಟರೆ ‘ಸ್ಟೇಷನ್ ಸಿಗುತ್ತಿಲ್ಲ’ ಎಂದು ಕೂರುತ್ತವೆ. ಆ್ಯಪ್ ಹಾಕಿಕೊಳ್ಳಿ ಎಂಬುದು ಇದಕ್ಕೆ ಉತ್ತರವಾಗದು. ಪೆಟ್ಟಿಗೆಯಲ್ಲಿ ಆ್ಯಪ್ ಹಾಕಲು ಬರುವುದಿಲ್ಲ. ಇದು ನಮ್ಮಲ್ಲಿ ಮಾತ್ರ ಆದದ್ದೂ ಅಲ್ಲ. 2023ರಲ್ಲಿ ಬಿಬಿಸಿ ತನ್ನ ಎಂಪಿ3 ಸ್ಟ್ರೀಮುಗಳನ್ನು ನಿಲ್ಲಿಸಿದಾಗ ಅಲ್ಲಿಯೂ ಅನೇಕ ಹಳೆಯ ಪೆಟ್ಟಿಗೆಗಳು ಮೂಕವಾದವು.

ಮನೆಮಟ್ಟಿಗೆ ಇದಕ್ಕೊಂದು ಪರಿಹಾರವಿದೆ, ಗಟ್ಟಿಯಾಗಿ ನಿಲ್ಲುವಂಥದು. ರಾಸ್ಪ್‌ಬೆರಿ ಪೈ ಝೀರೋ 2 ಡಬ್ಲ್ಯು ಎಂಬ ಒಂದು ಪುಟ್ಟ ಕಂಪ್ಯೂಟರ್, 8 ಜಿಬಿ ಅಥವಾ ಹೆಚ್ಚಿನ ಮೈಕ್ರೋಎಸ್‌ಡಿ ಕಾರ್ಡ್, 5 ವೋಲ್ಟ್ 2.5 ಆಂಪಿಯರ್ ಅಡಾಪ್ಟರ್. ಮುಂಬೈಯವರಿಗೆ ಲ್ಯಾಮಿಂಗ್ಟನ್ ರೋಡಿನಲ್ಲಿ, ಪುಣೆಯವರಿಗೆ ಬುಧವಾರ ಪೇಟೆಯ ತಾಪಕೀರ ಗಲ್ಲಿಯಲ್ಲಿ ಇಂಥ ಸಾಮಾನಿನ ಅಂಗಡಿಗಳಿವೆ. ಹಳೆಯ ಫೋನಿನ ಚಾರ್ಜರ್ ಸಾಕೆಂದು ಅಡಾಪ್ಟರ್‌ನಲ್ಲಿ ಉಳಿಸಲು ಹೋಗಬೇಡಿ. ವೋಲ್ಟೇಜು ಕುಸಿದಾಗ ಕಾರ್ಡಿನಲ್ಲಿರುವ ಬರಹ ಕೆಡುತ್ತದೆ, ವಾರಕ್ಕೊಮ್ಮೆ ಎಲ್ಲವನ್ನೂ ಹೊಸದಾಗಿ ಹಾಕುವ ಕರ್ಮ ಸುತ್ತಿಕೊಳ್ಳುತ್ತದೆ.

ಪೈಯಲ್ಲಿ ಎರಡೇ ತಂತ್ರಾಂಶ ಬೇಕು: ಎಫ್‌ಎಫ್‌ಎಂಪೆಗ್ ಮತ್ತು ಐಸ್‌ಕಾಸ್ಟ್. ಎರಡೂ ಮುಕ್ತ, ಎರಡೂ ಉಚಿತ. ಮೊದಲನೆಯದು ಧಾರವಾಡದ ಎಂ3ಯು8 ವಿಳಾಸದಿಂದ ದನಿ ತಂದು ಎಂಪಿ3ಯಾಗಿ ಬದಲಿಸುತ್ತದೆ. ಎರಡನೆಯದು ಅದನ್ನು ಮನೆಯೊಳಗಿನ ರೇಡಿಯೋಗೆ ಹಂಚುತ್ತದೆ. ಐಸ್‌ಕಾಸ್ಟ್‌ನ ಸಾಮಾನ್ಯ ಪೋರ್ಟ್ 8000. ಅದರ ಮಾದರಿ ಸೆಟ್ಟಿಂಗ್ ಕಡತದಲ್ಲಿ ಪಾಸ್‌ವರ್ಡ್ ಜಾಗದಲ್ಲಿ ‘ಹ್ಯಾಕ್‌ಮಿ’ ಎಂದಿರುತ್ತದೆ, ಬದಲಿಸದೆ ಬಿಡಬೇಡಿ. ಎಫ್‌ಎಫ್‌ಎಂಪೆಗ್‌ಗೆ ಒಳಬರುವ ವಿಳಾಸ, ಎಂಪಿ3 ಎನ್‌ಕೋಡರ್ ಆಗಿ ಲೇಮ್, 128 ಕಿಲೋಬಿಟ್, ಹೊರಹೋಗುವ ಐಸ್‌ಕಾಸ್ಟ್ ಮೌಂಟ್‌ನ (ಆ ಸ್ಟ್ರೀಮಿಗೆ ಐಸ್‌ಕಾಸ್ಟ್‌ನಲ್ಲಿರುವ ವಿಳಾಸದ) ಹೆಸರು, ಇಷ್ಟು ಕೊಟ್ಟರೆ ಸಾಕು. ಮೂಲ 64ರಲ್ಲೇ ಇದ್ದರೂ 128 ಏಕೆ ಎಂದರೆ, ಒಮ್ಮೆ ಹಿಂಡಿದ ದನಿಯನ್ನು ಮತ್ತೆ ಹಿಂಡುವಾಗ ಇನ್ನಷ್ಟು ಕೆಡುತ್ತದೆ. ಎರಡನೆಯ ಹಿಂಡುವಿಕೆ ಸಡಿಲವಾಗಿದ್ದಷ್ಟೂ ಒಳ್ಳೆಯದು. ಮನೆಯೊಳಗಿನ ವೈಫೈಗೆ 128 ಒಂದು ಭಾರವೇ ಅಲ್ಲ.

ಎಡವುವ ಜಾಗಗಳು ಮೂರು. ಒಂದು, ಪೈ ಝೀರೋ 2 ಡಬ್ಲ್ಯುಗೆ 2.4 ಗಿಗಾಹರ್ಟ್ಸ್ ವೈಫೈ ಮಾತ್ರ ಗೊತ್ತು, 5 ಗಿಗಾಹರ್ಟ್ಸ್ ಮಾತ್ರ ತೆರೆದಿಟ್ಟ ರೌಟರ್ ಅದಕ್ಕೆ ಕಾಣಿಸುವುದೇ ಇಲ್ಲ. ಎರಡು, ರೌಟರ್ ಪೈಗೆ ದಿನಕ್ಕೊಂದು ಐಪಿ (ಮನೆಯ ನೆಟ್‌ವರ್ಕಿನಲ್ಲಿ ಅದರ ಅಂಕಿಯ ವಿಳಾಸ) ಕೊಟ್ಟರೆ ರೇಡಿಯೋದಲ್ಲಿ ಉಳಿಸಿದ ವಿಳಾಸ ತಪ್ಪುತ್ತದೆ. ಆದ್ದರಿಂದ ರೌಟರ್‌ನಲ್ಲಿ ಪೈಗೆ ಒಂದೇ ಐಪಿ ಕಾಯ್ದಿರಿಸಬೇಕು. ಮೂರು, ಕರೆಂಟು ಹೋಗಿ ಬಂದಾಗ ಪೈ ರೌಟರ್‌ಗಿಂತ ಮೊದಲೇ ಎದ್ದು, ನೆಟ್ ಸಿಗದೆ ಎಫ್‌ಎಫ್‌ಎಂಪೆಗ್ ಸತ್ತು ಮಲಗುತ್ತದೆ. ಅದನ್ನು ಸಿಸ್ಟಮ್‌ಡಿಯ (ಪೈಯಲ್ಲಿ ತಂತ್ರಾಂಶಗಳನ್ನು ಎಬ್ಬಿಸಿ ನೋಡಿಕೊಳ್ಳುವ ವ್ಯವಸ್ಥೆಯ) ಸೇವೆಯಾಗಿ ಹಾಕಿ, ‘ರೀಸ್ಟಾರ್ಟ್’ ಎಂಬಲ್ಲಿ ‘ಆಲ್ವೇಸ್’, ನಡುವೆ 10 ಸೆಕೆಂಡು ಬಿಡುವು ಎಂದು ಬರೆದರೆ ತಾನಾಗಿಯೇ ಎದ್ದು ಕೂರುತ್ತದೆ. ಮಳೆಗಾಲದಲ್ಲಿ ಗಂಟೆಗೊಮ್ಮೆ ಕರೆಂಟು ಕೈಕೊಡುವ ಕಡೆಗಳಲ್ಲಿ ಈ ಒಂದು ಸಾಲು ಇಲ್ಲದಿದ್ದರೆ ಮಿಕ್ಕಿದ್ದೆಲ್ಲ ವ್ಯರ್ಥ.

ಒಂದು ಎಚ್ಚರಿಕೆ. ಈ ಮರುಪ್ರಸಾರ ಮನೆಯ ಗೋಡೆಯೊಳಗೇ ಇರಲಿ. ಪೋರ್ಟ್ 8000 ಅನ್ನು ಹೊರಗಿನ ಇಂಟರ್ನೆಟ್‌ಗೆ ತೆರೆದರೆ ಅದು ನಿಮ್ಮ ಸ್ವಂತ ಪ್ರಸಾರವಾಗುತ್ತದೆ. ಪ್ರಸಾರದ ಹಕ್ಕು ಆಕಾಶವಾಣಿಯದು. ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಪ್ರಸಾರದ ಮರುಬಳಕೆಯ ಹಕ್ಕು 25 ವರ್ಷ, ಧ್ವನಿಮುದ್ರಣದ ಹಕ್ಕು 60 ವರ್ಷ ಉಳಿಯುತ್ತದೆ. ಸ್ವಂತ ಕೇಳುವಿಕೆಗೆ ಅದೇ ಕಾಯ್ದೆಯ 52ನೆಯ ಕಲಮು ಅವಕಾಶ ಕೊಡುತ್ತದೆ, ಊರಿಗೆಲ್ಲ ಹಂಚುವುದಕ್ಕಲ್ಲ.

ಇಷ್ಟೆಲ್ಲ ಸರ್ಕಸ್ಸಿಲ್ಲದೆ ಚೊಕ್ಕವಾಗಿ ನಡೆಯುವ ಭಾಗವೂ ಒಂದಿದೆ: ಪ್ರಾದೇಶಿಕ ವಾರ್ತೆಗಳು. ನ್ಯೂಸ್ ಆನ್ ಏರ್ ಜಾಲತಾಣದಲ್ಲಿ ಬೆಂಗಳೂರು, ಧಾರವಾಡದ ಕನ್ನಡ ವಾರ್ತೆಗಳು ಎಂಪಿ3 ಕಡತಗಳಾಗಿ ಸಿಗುತ್ತವೆ. ಇಳಿಸಿಕೊಂಡರೆ ಯಾವ ಫೋನಿನಲ್ಲೂ, ಯಾವ ಕಾರಿನಲ್ಲೂ, ಸಂತೆಯಲ್ಲಿ ಸಿಗುವ ಪೆನ್‌ಡ್ರೈವ್ ಸ್ಪೀಕರ್‌ನಲ್ಲೂ ನುಡಿಯುತ್ತದೆ. ಮುಕ್ತ ಫಾರ್ಮ್ಯಾಟ್ ಎಂದರೆ ಏನು ಎಂದು ಯಾರಾದರೂ ಕೇಳಿದರೆ ಇದನ್ನು ತೋರಿಸಬಹುದು. ಇದೇ ಕಡತಗಳಿಗೆ ಎದ್ದು ಕಾಣುವಂತೆ ಹೊಸ ಕಡತ ಬಂದದ್ದನ್ನು ಆ್ಯಪ್‌ಗಳಿಗೆ ತಿಳಿಸುವ ಒಂದು ಆರ್‌ಎಸ್‌ಎಸ್ ಪಟ್ಟಿ ಕಟ್ಟಿಟ್ಟರೆ ಆಂಟೆನಾಪಾಡ್‌ನಂಥ ಪಾಡ್‌ಕಾಸ್ಟ್ ಆ್ಯಪ್ ಬೆಳಗಾಗುವಷ್ಟರಲ್ಲಿ ತಾನೇ ಇಳಿಸಿಡುತ್ತದೆ. ಲೋಕಲ್ ಹತ್ತುವ ಮುನ್ನ ವಾರ್ತೆ ಜೇಬಿನಲ್ಲಿರುತ್ತದೆ. ಕಡತದ ಹೆಸರನ್ನು ಕನ್ನಡಕ್ಕೆ ಬದಲಿಸುವ ಆಸೆ ಸಹಜ, ಆದರೆ ಹಳೆಯ ಕಾರ್ ಸ್ಟೀರಿಯೋಗಳಿಗೆ ಕನ್ನಡದ ಅಕ್ಷರರೂಪ ಇರುವುದಿಲ್ಲ, ಬರೀ ಚೌಕಗಳು ಕಾಣುತ್ತವೆ. ಹೆಸರಿನ ಮೊದಲಿಗೆ 01, 02 ಎಂದು ಅಂಕಿ ಹಾಕಿಕೊಂಡರೆ ಅನುಕ್ರಮವಾದರೂ ತಪ್ಪದು.

ಟೆಲಿವಿಷನ್ ಬಗ್ಗೆ ಚುಟುಕಾಗಿ. ಪ್ರಸಾರ ಭಾರತಿಯ ವೇವ್ಸ್ ಎಂಬ ಒಟಿಟಿ ಬಿಡುಗಡೆಯಾದದ್ದು ಗೋವಾದಲ್ಲೇ, 2024ರ ನವೆಂಬರ್ 20ರಂದು, ಅಂತರರಾಷ್ಟ್ರೀಯ ಚಲನಚಿತ್ರೋತ್ಸವದ ಆರಂಭದ ದಿನ. ಕನ್ನಡವೂ ಸೇರಿ 12ಕ್ಕೂ ಹೆಚ್ಚು ಭಾಷೆ, 65 ನೇರ ವಾಹಿನಿಗಳೊಂದಿಗೆ ಅದು ಶುರುವಾಯಿತು. ಎಲ್ಲವೂ ಒಂದೆಡೆ ಸಿಗುವುದು ಅನುಕೂಲವೇ. ಬರೀ ದೂರದರ್ಶನ ಚಂದನ ಸಾಕು ಎನ್ನುವ ಮನೆಗೆ ಮಾತ್ರ ಪ್ರಸಾರ ಭಾರತಿಯ ಉಚಿತ ಉಪಗ್ರಹ ಟಿವಿ ಸೇವೆಯಾದ ಡಿಡಿ ಫ್ರೀ ಡಿಶ್ ಇವತ್ತಿಗೂ ನಮ್ಮ ಮೊದಲ ಸಲಹೆ. ತಿಂಗಳ ಬಾಡಿಗೆ ಇಲ್ಲ, ಡೇಟಾ ಇಲ್ಲ, ಲಾಗಿನ್ ಇಲ್ಲ. ಅದು ಬರುವ ಜಿಸ್ಯಾಟ್-15 ಉಪಗ್ರಹ ಇರುವುದು 93.5 ಡಿಗ್ರಿ ಪೂರ್ವದಲ್ಲಿ. ಮುಂಬೈ, ಪುಣೆಯಲ್ಲಿ ತಟ್ಟೆಯನ್ನು ಉತ್ತರದಿಂದ ಬಲಕ್ಕೆ ಸುಮಾರು 131 ಡಿಗ್ರಿಗೆ, ಅಂದರೆ ಆಗ್ನೇಯಕ್ಕೆ ತಿರುಗಿಸಿ, ದಿಗಂತದಿಂದ ಸುಮಾರು 58 ಡಿಗ್ರಿ ಮೇಲಕ್ಕೆ ಎತ್ತಬೇಕು. ಗೋವಾದಲ್ಲಿ 127 ಮತ್ತು 61. ಆಗ್ನೇಯ ದಿಕ್ಕಿನಲ್ಲಿ ಪಕ್ಕದ ಕಟ್ಟಡ ಅಡ್ಡವಿದ್ದರೆ ಪ್ರಯೋಜನವಿಲ್ಲ, ಟೆರೇಸಿಗೇ ಹೋಗಬೇಕು. ಮಳೆಗೆ ಸೊರಗುವ ಕೆಯು ಬ್ಯಾಂಡ್ ತರಂಗಗಳಾದ್ದರಿಂದ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಜಡಿಮಳೆಯ ಹೊತ್ತಿನಲ್ಲಿ ಚಿತ್ರ ಒಡೆಯುವುದುಂಟು. ಮಳೆ ತೆಳುವಾದರೆ ತಾನೇ ಸರಿಹೋಗುತ್ತದೆ, ತಟ್ಟೆಯನ್ನು ಅಲುಗಾಡಿಸಲು ಹೋಗಬೇಡಿ.

ಬೇರೆ ದೇಶಗಳ ಸಾರ್ವಜನಿಕ ಪ್ರಸಾರ ಸಂಸ್ಥೆಗಳು ಏನು ಮಾಡಿವೆ ಎಂದು ನೋಡಿದರೆ ನಮ್ಮ ಬೇಡಿಕೆ ದೊಡ್ಡದೆನಿಸದು. ಜರ್ಮನಿಯ ಡಾಯ್ಚ್‌ಲಾಂಡ್‌ಫುಂಕ್ ತನ್ನ ವಾಹಿನಿಗಳನ್ನು ಎಂಪಿ3, ಎಎಸಿ, ಓಪಸ್ ಮೂರರಲ್ಲೂ ನೇರ ವಿಳಾಸಗಳಾಗಿ ಕೊಟ್ಟಿದೆ. ಚೆಕ್ ರೇಡಿಯೋ ತನ್ನ ಶಾಸ್ತ್ರೀಯ ಸಂಗೀತದ ವಾಹಿನಿಯನ್ನು ಹಿಂಡಿದರೂ ದನಿಯ ಒಂದು ಚೂರನ್ನೂ ಕಳೆಯದ ಫ್ಲಾಕ್‌ ಕೋಡೆಕ್‌ನಲ್ಲೂ ಹರಿಸಿದೆ. ರಾಗಂ ವಾಹಿನಿಗೆ ಅಂಥ ಒಂದು ಸ್ಟ್ರೀಮ್ ಸಿಕ್ಕರೆ ತಂಬೂರಿಯ ಜವಾರಿ ಸ್ಟುಡಿಯೋದಲ್ಲಿ ಇದ್ದಂತೆಯೇ ಬಂದೀತು. ನಾರ್ವೆಯ ಎನ್‌ಆರ್‌ಕೆ 2008ರಲ್ಲಿ ತನ್ನ ಒಂದು ಸರಣಿಯನ್ನು ಬೀಗವಿಲ್ಲದ ಕಡತಗಳಾಗಿ ಬಿಟ್‌ಟೊರೆಂಟ್ ಮೂಲಕವೇ ಹಂಚಿತು. ಬಿಬಿಸಿ ಡಿರಾಕ್ ಎಂಬ ರಾಯಧನವಿಲ್ಲದ ವಿಡಿಯೋ ಕೋಡೆಕ್ಕನ್ನೇ ಕಟ್ಟಿತು. ಅದು ಮನೆಮನೆಗೆ ಬರಲಿಲ್ಲ, ಆದರೆ ಅದರ ಒಂದು ರೂಪ ವಿಸಿ-2 ಎಂಬ ಹೆಸರಿನಲ್ಲಿ ಸ್ಟುಡಿಯೋಗಳ ಮಾನಕವಾಯಿತು. ಕೇಳುಗರ ಹಣದಲ್ಲಿ ನಡೆಯುವ ಸಂಸ್ಥೆ ಇಂಥ ಕೆಲಸಕ್ಕೆ ಕೈಹಾಕುವುದು ಹೊಸದೇನಲ್ಲ ಎಂಬುದಕ್ಕೆ ಇವು ಸಾಕ್ಷಿ.

ನಾವು ಕೇಳುವುದು ಇಷ್ಟು. ಈಗಿರುವ ಎಚ್‌ಎಲ್‌ಎಸ್ ಇರಲಿ, ಓಡಾಡುವವರಿಗೆ ಅದು ಬೇಕೇ ಬೇಕು. ಅದರ ಪಕ್ಕದಲ್ಲಿ ಪ್ರತಿ ಕೇಂದ್ರಕ್ಕೂ ಹಳೆಯ ಪೆಟ್ಟಿಗೆಗಳಿಗಾಗಿ ಒಂದು 128 ಕಿಲೋಬಿಟ್ ಎಂಪಿ3, ಸಂಗೀತದ ವಾಹಿನಿಗಳಿಗೆ ಒಂದು 96 ಕಿಲೋಬಿಟ್ ಓಪಸ್. ವಿಳಾಸದಲ್ಲಿ ಊರಿನ ಹೆಸರು, ಒಳಗೆ ಸರ್ವರ್ ಬದಲಾದರೂ ಹೊರಗಿನ ವಿಳಾಸ ಬದಲಾಗದ ಏರ್ಪಾಡು. ಇವನ್ನೆಲ್ಲ ಸಾಲಾಗಿ ಬರೆದ ಒಂದು ಅಧಿಕೃತ ಪುಟ. ಹಿಂದೆ ಕೇಂದ್ರಗಳ ತರಂಗಾಂತರಗಳನ್ನು ಅಚ್ಚು ಹಾಕುತ್ತಿದ್ದರಲ್ಲ, ಅದೇ ರೀತಿ: ಧಾರವಾಡ ಎಂದು ಒಂದು ಸಾಲು, ಅದರ ಮುಂದೆ ಆ ಕೇಂದ್ರದ ವಿಳಾಸಗಳು. ಒಟ್ಟು 240 ಚಿಲ್ಲರೆ ಸಾಲು ಆದೀತು.